ಬಿರುಗಾಳಿ–ಸಿಡಿಲಿನ ಕಾಲಕ್ಕೆ ಮನೆಯ ಸಿದ್ಧತೆ

ಚೈತ್ರ ಮಾಸ ಕಳೆಯುತ್ತ ಬಂದಂತೆ ನಮ್ಮ ಭಾಗದ ಜನರ ಕಣ್ಣು ಆಕಾಶದತ್ತ ಹೊರಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ಮಳೆಯನ್ನು ಬೇಡುವ ಸೀಮೆಗೆ ಸೇರಿದವು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆದರೆ ಬೇಸಿಗೆಯ ಆ ಮಳೆ ಒಂಟಿಯಾಗಿ ಬರುವುದು ಅಪರೂಪ. ಅದರ ಮುಂದೆ ಧೂಳೆಬ್ಬಿಸುವ ಗಾಳಿ, ಜೊತೆಯಲ್ಲಿ ಗುಡುಗು–ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಅರ್ಧ ಗಂಟೆಯೊಳಗೆ ಮನೆಯ ತಗಡು ಹಾರುತ್ತದೆ, ಗೊನೆ ಹೊತ್ತ ಬಾಳೆ ನೆಲಕ್ಕೊರಗುತ್ತದೆ, ವಿದ್ಯುತ್ ಕಂಬ ಮುರಿಯುತ್ತದೆ, ಬಯಲಿನಲ್ಲಿದ್ದ ಕುರಿಗಾಹಿ ಮನೆಗೆ ಮರಳದೆ ಹೋಗುತ್ತಾನೆ.

ಬರಗಾಲಕ್ಕೆ ನಾವು ಸಿದ್ಧರಾಗಿರುತ್ತೇವೆ. ಮೇವು ಕೂಡಿಡುತ್ತೇವೆ, ಕಾಳು ಕೂಡಿಡುತ್ತೇವೆ. ಬಿರುಗಾಳಿಗೆ ಮಾತ್ರ ಸಿದ್ಧತೆ ಮಾಡುವ ರೂಢಿ ನಮ್ಮಲ್ಲಿ ಕಡಿಮೆ. ಅದು ಬಂದು ಹೋಗುವುದು ಅರ್ಧ ಗಂಟೆಯ ಮಾತು ಎಂಬ ಉದಾಸೀನವೇ ಇದಕ್ಕೆ ಕಾರಣವಿರಬಹುದು. ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಒಂದು ನಿಮಿತ್ತವುಂಟು.

ನಮಗೆ ಪರಿಚಯವಿರುವ ಒಂದು ಕುಟುಂಬದ ಮನೆಯ ತಗಡುಗಳು ಒಂದು ಸಂಜೆಯ ಗಾಳಿಗೆ ಕಿತ್ತುಹೋದವು. ಮನೆಯವರೆಲ್ಲ ಪಡಸಾಲೆಯ ಮೂಲೆ ಸೇರಿ ಉಳಿದುಕೊಂಡರು, ಯಾರಿಗೂ ಗಾಯವಾಗಲಿಲ್ಲ. ಊರವರು ಬಂದು, ದೇವರು ದೊಡ್ಡವನು ಎಂದು ಸಮಾಧಾನ ಹೇಳಿ ಹೋದರು. ಆ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದವು. ಅವರ ಮಾತ್ರೆಗಳು ಗೂಡಿನಲ್ಲಿಯೇ ನೆನೆದು ಮುದ್ದೆಯಾಗಿದ್ದವು. ಔಷಧದ ಚೀಟಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೂರು ದಿನ ವಿದ್ಯುತ್ ಇರಲಿಲ್ಲ, ಮೊಬೈಲು ಸತ್ತುಹೋಗಿತ್ತು, ಮಗ ತಗಡು ಹೊಂದಿಸುವ ಓಡಾಟದಲ್ಲಿದ್ದ. ಮಾತ್ರೆ ನಿಂತಿರುವುದನ್ನು ಹಿರಿಯರೂ ಹೇಳಲಿಲ್ಲ. ಮನೆಯ ಕಷ್ಟದ ನಡುವೆ ತಮ್ಮದೊಂದು ಮಾತು ಏಕೆಂದು ಸುಮ್ಮನಾದರು. ನಾಲ್ಕನೆಯ ದಿನ ಅವರಿಗೆ ಪಾರ್ಶ್ವವಾಯು ಬಡಿಯಿತು. ಮನೆಗೆ ಹೊಸ ತಗಡು ಬಂದಿತು; ಹಿರಿಯರ ಬಲಗೈಗೆ ಮೊದಲಿನ ಶಕ್ತಿ ಬರಲಿಲ್ಲ.

ಗಾಳಿಯ ಅರ್ಧ ಗಂಟೆ ಮತ್ತು ಗಾಳಿಯ ನಂತರದ ಮೂರು ದಿನ, ಇವೆರಡಕ್ಕೂ ಮನೆ ಸಿದ್ಧವಿರಬೇಕು ಎಂಬುದೇ ಈ ಲೇಖನದ ತಾತ್ಪರ್ಯ.

ಗಾಳಿ ಹುಟ್ಟುವ ಬಗೆ

ಹರಿಕೇನ್, ಟೈಫೂನ್, ಚಂಡಮಾರುತ ಎಂಬ ಹೆಸರುಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಬೇರೆ ಬೇರೆ ಸಾಗರಗಳಲ್ಲಿ ಹುಟ್ಟುವ ಒಂದೇ ಬಗೆಯ ಗಾಳಿಗೆ ಆಯಾ ದೇಶದವರು ಇಟ್ಟ ಹೆಸರುಗಳಿವು. ಕಡಲಿನಿಂದ ದೂರವಿರುವ ನಮ್ಮ ಸೀಮೆಗೆ ಆ ಗಾಳಿ ತನ್ನ ಪೂರ್ಣ ಬಲದಿಂದ ಬರುವುದಿಲ್ಲ. ನಮಗೆ ಬರುವುದು ಎರಡು ಬಗೆಯ ಆಪತ್ತು.

ಮೊದಲನೆಯದು ಬೇಸಿಗೆಯ ಗುಡುಗುಮಳೆ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಮೊದಲ್ಗೊಂಡು ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳವರೆಗೆ, ಅಂದರೆ ಜೂನ್ ಮೊದಲ ವಾರದವರೆಗೆ ಇದರ ಕಾಲ. ಹಗಲೆಲ್ಲ ಕಾದ ನೆಲದ ಮೇಲಿನ ಬಿಸಿಗಾಳಿ ತೇವವನ್ನು ಹೊತ್ತು ಮೇಲೇರುತ್ತದೆ. ಹತ್ತು ಹನ್ನೆರಡು ಕಿಲೋಮೀಟರಿಗೂ ಮಿಕ್ಕಿದ ಎತ್ತರದ ಕಾರ್ಮೋಡವಾಗುತ್ತದೆ. ಆ ಮೋಡದೊಳಗೆ ಮಳೆ ಮತ್ತು ಆಲಿಕಲ್ಲಿನ ಭಾರದಿಂದ ತಣ್ಣಗಾದ ಗಾಳಿ ಒಮ್ಮೆಲೇ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು ಸುತ್ತಲೂ ಹರಡುವ ಆ ಗಾಳಿಯೇ ನಮ್ಮ ತಗಡುಗಳನ್ನು ಕೀಳುವ ಬಿರುಗಾಳಿ. ಆದುದರಿಂದಲೇ ಅದು ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ರಾತ್ರಿಯ ಊಟದ ಹೊತ್ತಿನೊಳಗೆ ಬರುತ್ತದೆ. ಬೆಳಗಿನಿಂದ ಬೆವರು ಆರದ ಸೆಕೆ, ಮಧ್ಯಾಹ್ನ ಹೂಕೋಸಿನಂತೆ ಮೇಲೇಳುವ ಮೋಡ, ಬಳಿಕ ಅದರ ಬುಡ ಕಪ್ಪಾಗುವುದು, ಒಮ್ಮೆಲೇ ಬೀಸುವ ತಣ್ಣನೆಯ ಗಾಳಿ, ದಿಗಂತದಲ್ಲಿ ಕೆಂಧೂಳಿನ ಗೋಡೆ, ಇವು ಅದರ ಮುನ್ಸೂಚನೆಗಳು. ತಣ್ಣನೆಯ ಗಾಳಿ ಮೈಗೆ ತಾಗಿದ ಮೇಲೆ ನಮಗೆ ಉಳಿಯುವುದು ಕೆಲವೇ ನಿಮಿಷ.

ಎರಡನೆಯದು ಹಿಂಗಾರಿನ ಜಡಿಮಳೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಒಳನಾಡಿಗೆ ಸರಿದು ಬಂದಾಗ ಹಸ್ತ, ಚಿತ್ತಾ, ಸ್ವಾತಿ ಮಳೆಗಳು ದಿನಗಟ್ಟಲೆ ಸುರಿಯುತ್ತವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಹಸ್ತ ಮಳೆ ಉತ್ತರ ಕರ್ನಾಟಕವನ್ನು ಹೇಗೆ ಮುಳುಗಿಸಿತೆಂಬುದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಲಕ್ಷಾಂತರ ಮನೆಗಳು ಹಾನಿಗೊಂಡವು. 2021ರ ನವೆಂಬರಿನ ಅಕಾಲಿಕ ಮಳೆಯೂ ಕೊಯ್ಲಿನ ಬೆಳೆಯನ್ನು ಹೊಲದಲ್ಲಿಯೇ ಮೊಳೆಯಿಸಿತು. ಗುಡುಗುಮಳೆಯಲ್ಲಿ ತಗಡಿನ ಮನೆಗೆ ಭಯ. ಜಡಿಮಳೆಯಲ್ಲಿ ಮಣ್ಣಿನ ಮನೆಗೆ ಭಯ.

ಮುನ್ನೆಚ್ಚರಿಕೆಯನ್ನು ಕೇಳುವ ಅಭ್ಯಾಸ

ಹವಾಮಾನ ಇಲಾಖೆಯು ಎಚ್ಚರಿಕೆಗಳನ್ನು ಬಣ್ಣಗಳಲ್ಲಿ ತಿಳಿಸುತ್ತದೆ. ಹಸಿರಾದರೆ ಚಿಂತೆಯಿಲ್ಲ. ಹಳದಿಯಾದರೆ ಗಮನವಿರಲಿ, ಕಿತ್ತಳೆಯಾದರೆ ಸಿದ್ಧರಾಗಿ, ಕೆಂಪಾದರೆ ಕೂಡಲೇ ಕಾರ್ಯಪ್ರವೃತ್ತರಾಗಿ ಎಂದು ಅರ್ಥ. ಗುಡುಗುಮಳೆಗೆ ಮುಂದಿನ ಮೂರು ಗಂಟೆಗಳಿಗೆ ಅನ್ವಯಿಸುವ ತತ್‌ಕ್ಷಣದ ಮುನ್ಸೂಚನೆಯೂ ಇರುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರಗಾಲವನ್ನು ಗಮನಿಸುವುದಕ್ಕೆಂದೇ ಆರಂಭವಾದ ಸಂಸ್ಥೆ. ಇಂದು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳನ್ನು ಹೊಂದಿದೆ. ಅದರ ವರುಣಮಿತ್ರ ದೂರವಾಣಿ 92433 45433ಕ್ಕೆ ಕರೆ ಮಾಡಿ ರೈತರು ತಮ್ಮ ಭಾಗದ ಮಳೆಯ ಮಾಹಿತಿಯನ್ನು ಕನ್ನಡದಲ್ಲಿಯೇ ಪಡೆಯಬಹುದು. ಅದೇ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇವು ಸಮೀಪದಲ್ಲಿ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಬೇಕು. ಊಟದ ನಂತರ ಒಮ್ಮೆ ನೋಡಿ, ಹೊಲಕ್ಕೆ ಹೋದವರಿಗೆ ಫೋನು ಮಾಡಿ ತಿಳಿಸುವುದು ಅವರ ಹೊಣೆಯಾಗಲಿ.

ಸೂರು ಮತ್ತು ಗೋಡೆ

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೂವತ್ತು ಕಿಲೋಮೀಟರ್ ವೇಗದ ಗಾಳಿಗೆ ಅಲುಗಾಡದ ತಗಡು ಅರವತ್ತರ ಗಾಳಿಗೆ ಹಾರುವುದು ಇದರಿಂದಲೇ. ಗಾಳಿ ತಗಡಿನ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಅದೇ ವೇಳೆ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ. ಎರಡೂ ಬಲ ಕೂಡಿದಾಗ ಸೂರು ಏಳುತ್ತದೆ. ಆದುದರಿಂದ ಗಾಳಿ ಎದ್ದೊಡನೆ ಬಾಗಿಲು ಕಿಟಕಿಗಳನ್ನು ಮುಚ್ಚಿ ಅಗುಳಿ ಹಾಕುವುದು ಸೂರನ್ನು ಉಳಿಸುವ ಮೊದಲ ಉಪಾಯ.

ತಗಡಿನ ಮೇಲೆ ಕಲ್ಲು ಹೇರುವ ರೂಢಿ ನಮ್ಮಲ್ಲಿ ಎಲ್ಲೆಡೆಯೂ ಇದೆ. ಸಣ್ಣ ಗಾಳಿಗೆ ಅದು ಸಾಕು. ದೊಡ್ಡ ಗಾಳಿಗೆ ತಗಡು ಎದ್ದಾಗ ಅದೇ ಕಲ್ಲು ಮಲಗಿದವರ ತಲೆಯ ಮೇಲೆ ಬೀಳುತ್ತದೆ. ಕಲ್ಲಿನ ಬದಲು ತಗಡನ್ನು ಅಡಿಯ ಕಬ್ಬಿಣದ ಪೈಪಿಗೆ ಕೊಕ್ಕೆ ಬೋಲ್ಟುಗಳಿಂದ ಬಿಗಿಯಬೇಕು. ಅಂಚಿನ ಸಾಲುಗಳಲ್ಲಿ ಮತ್ತು ಮೂಲೆಗಳಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಬೇಕು. ಗಾಳಿ ಮೊದಲು ಎತ್ತುವುದು ಅಂಚನ್ನೇ. ಪೈಪನ್ನು ಗೋಡೆಯ ಮೇಲೆ ಸುಮ್ಮನೆ ಇಟ್ಟಿದ್ದರೆ ತಗಡಿನೊಡನೆ ಪೈಪೂ ಹಾರುತ್ತದೆ. ಅದನ್ನು ಗೋಡೆಯೊಳಗೆ ಸಿಮೆಂಟಿನಿಂದ ಹುಗಿಸಬೇಕು. ಯುಗಾದಿಯ ಸುಣ್ಣಬಣ್ಣದ ಜೊತೆಗೆ ಈ ಬೋಲ್ಟುಗಳನ್ನು ಒಮ್ಮೆ ಬಿಗಿಸಿಕೊಂಡರೆ ವರ್ಷದ ಚಿಂತೆ ಕಳೆಯಿತು.

ಮಾಳಿಗೆ ಮನೆಗಳವರು ಬೇರೆ ರೀತಿಯ ಎಚ್ಚರ ವಹಿಸಬೇಕು. ಸೋರುವ ಕಡೆ ಪ್ರತಿ ವರ್ಷ ಕರಲು ಮಣ್ಣು ಹಾಕುತ್ತ ಹೋದರೆ ಮೇಲ್ಮುದ್ದೆ ದಪ್ಪವಾಗುತ್ತದೆ, ಭಾರ ಬೆಳೆಯುತ್ತದೆ. ಕೆಳಗಿನ ತೊಲೆ ಜಂತಿಗಳು ಗೆದ್ದಲು ಹಿಡಿದು ಸೊರಗುತ್ತಿರುತ್ತವೆ. ಹೊಸ ಮಣ್ಣು ಹಾಕುವ ಮುನ್ನ ಹಳೆಯ ಸಡಿಲ ಮಣ್ಣನ್ನು ಕೆರೆದು ತೆಗೆಯುವುದು, ನೀರು ಹೋಗುವ ದೋಣಿಯನ್ನು ಬಿಡಿಸುವುದು, ತೊಲೆಗಳನ್ನು ಬಡಿದು ಟೊಳ್ಳಾಗಿದೆಯೇ ಎಂದು ನೋಡುವುದು ಅವಶ್ಯ. ಗೋಡೆ ಉಬ್ಬುವುದು, ಮೂಲೆಯಲ್ಲಿ ಹೊಸ ಬಿರುಕು ಬೀಳುವುದು, ಸೂರಿನಿಂದ ಮಣ್ಣು ಉದುರುವುದು, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾಗುವುದು, ಇವು ಮನೆ ತಾನೇ ಕೊಡುವ ಎಚ್ಚರಿಕೆಗಳು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ನೆನೆದ ಗೋಡೆ ಮಳೆ ನಿಂತ ಮರುದಿನವೂ ಬೀಳಬಲ್ಲದು. ಶಾಲೆ, ಸಮುದಾಯ ಭವನ, ಮಠ, ನೆರೆಯವರ ಆರ್‌ಸಿಸಿ ಮನೆ, ಎಲ್ಲಿಯಾದರೂ ಆಶ್ರಯ ಪಡೆಯಲು ಸಂಕೋಚ ಬೇಡ.

ಮನೆಯ ಮೇಲೆ ಬಾಗಿದ ಒಣ ಕೊಂಬೆಗಳನ್ನು ಏಪ್ರಿಲಿಗೆ ಮೊದಲೇ ಕಡಿಸಬೇಕು. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ಮಾತ್ರ ನಾವೇ ಕಡಿಯಬಾರದು. ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ, ಇಲ್ಲವೇ 1912ಕ್ಕೆ ತಿಳಿಸಬೇಕು. ಮೇವಿನ ಬಣವೆಯನ್ನು ತಂತಿಯ ಕೆಳಗೆ, ಮನೆಗೆ ಅಂಟಿಕೊಂಡಂತೆ ಒಟ್ಟಬಾರದು. ಸಿಡಿಲಿನಿಂದಲೋ ತಂತಿಗಳ ಉಜ್ಜಾಟದ ಕಿಡಿಯಿಂದಲೋ ಬಣವೆಗೆ ಬೆಂಕಿ ಹತ್ತಿದರೆ ಮನೆಯೂ ಉಳಿಯದು.

ನೀರು, ಆಹಾರ, ಬೆಳಕು

ನಮ್ಮ ಭಾಗದ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆದುದರಿಂದ ಜನ ಶುದ್ಧ ನೀರಿನ ಘಟಕವನ್ನು ನೆಚ್ಚಿದ್ದಾರೆ. ವಿದ್ಯುತ್ ಹೋದರೆ ಘಟಕವೂ ನಿಲ್ಲುತ್ತದೆ, ನಲ್ಲಿಯೂ ನಿಲ್ಲುತ್ತದೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ತಲೆಗೆ 4 ಲೀಟರಿನಂತೆ ಮೂರು ದಿನದ ನೀರು ಮನೆಯಲ್ಲಿರಬೇಕು. ಐದು ಜನರ ಮನೆಗೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಮಳೆಗಾಲದ ಮುನ್ನಿನ ಎರಡು ತಿಂಗಳು ಈ ಮೂರು ಕ್ಯಾನುಗಳನ್ನು ಸರದಿಯಂತೆ ಬಳಸುತ್ತ, ಖಾಲಿಯಾದುದನ್ನು ಅಂದೇ ತುಂಬಿಸುತ್ತಿದ್ದರೆ ಸಾಕು.

ಆಹಾರದ ವಿಷಯದಲ್ಲಿ ನಮ್ಮ ತಾಯಂದಿರಿಗೆ ಹೇಳಿಕೊಡುವುದು ಏನೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಅವಲಕ್ಕಿ, ಪುಠಾಣಿ, ಬೆಲ್ಲ ಇವೆಲ್ಲ ಒಲೆ ಹಚ್ಚದೆ ಹಸಿವು ನೀಗುವ ಪದಾರ್ಥಗಳು. ಇವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಎತ್ತರದಲ್ಲಿ ಇಡುವುದೊಂದೇ ಉಳಿದ ಕೆಲಸ. ಕೂಸಿರುವ ಮನೆಯಲ್ಲಿ ಅದರ ಆಹಾರವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಎದೆಹಾಲು ಕುಡಿಯುವ ಮಗುವಿಗೆ ಗಾಳಿಮಳೆಯ ದಿನಗಳಲ್ಲಿಯೂ ಅದಕ್ಕಿಂತ ಶುದ್ಧವಾದ ಆಹಾರ ಬೇರೊಂದಿಲ್ಲ.

ಬೆಳಕಿಗೆ ಟಾರ್ಚು ಇಲ್ಲವೇ ಚಾರ್ಜಿನ ದೀಪವಿರಲಿ. ಸೂರು ಅಲುಗಾಡುವ ಗಾಳಿಯಲ್ಲಿ ಚಿಮಣಿ ದೀಪ, ಮೇಣದಬತ್ತಿ ಬೆಂಕಿ ಅನಾಹುತಕ್ಕೆ ದಾರಿ. ಜನರೇಟರ್ ಇರುವವರು ಅದನ್ನು ಮನೆಯೊಳಗೆ ನಡೆಸಬಾರದು. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಿದ್ದು, ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಅಷ್ಟೇ ಅಪಾಯ.

ಔಷಧದ ಡಬ್ಬಿ

ಮೇಲೆ ಹೇಳಿದ ಹಿರಿಯರ ಮನೆಯಲ್ಲಿ ಇರಬೇಕಾಗಿದ್ದುದು ಇದೊಂದೇ: ಬಿಗಿಯಾದ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಮನೆಯ ಪ್ರತಿಯೊಬ್ಬ ರೋಗಿಯ ಕನಿಷ್ಠ ಏಳು ದಿನದ ಮಾತ್ರೆಗಳು, ವೈದ್ಯರ ಚೀಟಿಯ ನಕಲು, ರೋಗಿಯ ಹೆಸರು, ರೋಗ, ಮಾತ್ರೆಯ ಹೆಸರು ಮತ್ತು ಹೊತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಇರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಅಪಸ್ಮಾರ, ಥೈರಾಯ್ಡ್ ಇವುಗಳ ಔಷಧವನ್ನು ಹಠಾತ್ತನೆ ನಿಲ್ಲಿಸುವಂತಿಲ್ಲ. ಅಪಸ್ಮಾರದ ರೋಗಿಗೆ ಒಂದೆರಡು ದಿನ ಮಾತ್ರೆ ತಪ್ಪಿದರೂ ಮೂರ್ಛೆ ಮರುಕಳಿಸಬಹುದು.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ವಿಶೇಷ ಸೂಚನೆ. ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಕೆಯಲ್ಲಿರುವ ಸೀಸೆ 30 ಡಿಗ್ರಿ ಮೀರದ ತಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುವುದರಿಂದ ಫ್ರಿಜ್ಜು ನಿಂತಾಗ ಹಳೆಯ ಉಪಾಯವೇ ಉಪಯುಕ್ತ: ಸೀಸೆಯನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಣ್ಣ ಮಡಕೆಯಲ್ಲಿ ಇಟ್ಟು, ಆ ಮಡಕೆಯನ್ನು ಒದ್ದೆ ಮರಳಿರುವ ದೊಡ್ಡ ಮಡಕೆಯೊಳಗಿರಿಸಿ ನೆರಳಿನಲ್ಲಿ ಇಡುವುದು. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ಇನ್ಸುಲಿನ್ ಹೆಪ್ಪುಗಟ್ಟಿ ನಿಷ್ಪ್ರಯೋಜಕವಾಗುತ್ತದೆ. ಊಟಕ್ಕೆ ಗತಿಯಿಲ್ಲದ ಹೊತ್ತಿನಲ್ಲಿ ಎಂದಿನ ಪ್ರಮಾಣದ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆಯ ಅಂಶ ಅತಿಯಾಗಿ ಕುಸಿಯುವುದುಂಟು. ಇಂಥ ದಿನಗಳಲ್ಲಿ ಏನು ಮಾಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು. ಡಬ್ಬಿಯಲ್ಲಿ ಒಂದು ಹಿಡಿ ಸಕ್ಕರೆಯೂ ಇರಲಿ.

ಉಬ್ಬಸವಿರುವವರಿಗೆ ಗುಡುಗುಮಳೆಯ ಮುಂದಿನ ಧೂಳು ಶತ್ರು. 2016ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಂದೇ ಸಂಜೆಯ ಗುಡುಗುಗಾಳಿ ಹುಲ್ಲಿನ ಪರಾಗವನ್ನು ಹೊತ್ತು ತಂದು ಸಾವಿರಾರು ಜನರನ್ನು ಉಬ್ಬಸಕ್ಕೆ ದೂಡಿತು, ಕೆಲವರು ಮೃತಪಟ್ಟರು. ಗಾಳಿ ಏಳುವ ಸೂಚನೆ ಕಂಡೊಡನೆ ಉಬ್ಬಸದವರು ಒಳಗೆ ಬಂದು, ಕಿಟಕಿ ಮುಚ್ಚಿ, ಇನ್‌ಹೇಲರನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು.

ದಿನ ತುಂಬಿದ ಗರ್ಭಿಣಿ ತೋಟದ ಮನೆಯಲ್ಲೋ ಹಳ್ಳ ದಾಟಿ ಹೋಗಬೇಕಾದ ಊರಿನಲ್ಲೋ ಇದ್ದರೆ, ಕಿತ್ತಳೆ ಎಚ್ಚರಿಕೆ ಬಂದಾಗಲೇ ಆಸ್ಪತ್ರೆಗೆ ಸಮೀಪದ ಬಂಧುಗಳ ಮನೆಗೆ ಕರೆತರುವುದು ಕ್ಷೇಮ. ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ ಇವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಔಷಧದ ಡಬ್ಬಿಯ ಪಕ್ಕದಲ್ಲಿಯೇ ಇಡಬೇಕು. ಮನೆ ಬಿಡುವ ಹೊತ್ತು ಬಂದರೆ ಕೈಗೆ ಸಿಗಬೇಕಾದುವು ಇವೆರಡೇ.

ಸಿಡಿಲು

ನಮ್ಮ ದೇಶದಲ್ಲಿ 2022ರಲ್ಲಿ ಸಿಡಿಲಿಗೆ ಬಲಿಯಾದವರು 2,887 ಜನ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದೆ. ಪ್ರಕೃತಿ ವಿಕೋಪಗಳಿಂದ ಆದ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಡಿಲಿನದೇ. ಸಾಯುವವರಲ್ಲಿ ಬಹುಮಂದಿ ಹೊಲದಲ್ಲಿ ದುಡಿಯುವವರು, ಕುರಿ–ದನ ಕಾಯುವವರು. ಕಾಯಕದಲ್ಲಿ ನಿರತರಾದವರೇ ಬಲಿಯಾಗುತ್ತಿರುವುದರಿಂದ ಈ ತಿಳಿವಳಿಕೆ ಮನೆಗಿಂತ ಮೊದಲು ಹೊಲಕ್ಕೆ ತಲುಪಬೇಕು.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿರಿ. ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮುಂದಿನದು ನಮ್ಮ ತಲೆಯ ಮೇಲೆಯೇ ಬೀಳಬಹುದು. ಕೂಡಲೇ ಆಶ್ರಯ ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಕಳೆಯುವವರೆಗೆ ಹೊರಬರಬಾರದು. ಮಳೆ ನಿಂತಿತೆಂದು ಅವಸರದಿಂದ ಹೊಲಕ್ಕೆ ಮರಳಿದವರೂ ಸಿಡಿಲಿಗೆ ಸಿಕ್ಕುತ್ತಾರೆ.

ಆಶ್ರಯವೆಂದರೆ ಗೋಡೆ, ಸೂರು, ವಿದ್ಯುತ್ ಜೋಡಣೆ ಇರುವ ಪಕ್ಕಾ ಕಟ್ಟಡ, ಇಲ್ಲವೇ ಬಾಗಿಲು ಮುಚ್ಚಿದ ಕಾರು, ಬಸ್ಸು. ಒಂಟಿ ಹುಣಸೆಮರ, ಬೇವಿನಮರ, ಹುಲ್ಲಿನ ಗುಡಿಸಲು, ಬಣವೆಯ ಮಗ್ಗುಲು, ತೆರೆದ ಮಂಟಪ, ಟ್ರ್ಯಾಕ್ಟರ್ ಇವು ಆಶ್ರಯವಲ್ಲ. ಸಿಡಿಲು ಮರಕ್ಕೆ ಬಡಿದು ನೆಲದಲ್ಲಿ ಹರಡುತ್ತದೆ. ಮರದ ಕೆಳಗೆ ಗುಂಪುಗೂಡಿದ ಕುರಿಗಳು ಒಂದೇ ಏಟಿಗೆ ಸಾಯುವುದು ಹೀಗೆ. ಕಟ್ಟಡ ಸಿಗದ ಬಯಲಿನಲ್ಲಿ ಕುರಿಗಾಹಿಗಳು ಎತ್ತರದ ದಿಣ್ಣೆಯಿಂದ ಇಳಿದು, ಮರ, ತಂತಿಬೇಲಿ, ನೀರಿನ ಹೊಂಡಗಳಿಂದ ದೂರ ಸರಿದು, ಒಬ್ಬರಿಗೊಬ್ಬರು ಅಂತರ ಬಿಟ್ಟು, ಎರಡೂ ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕೂರಬೇಕು. ನೆಲಕ್ಕೆ ಮಲಗಬಾರದು. ಇದು ಪೂರ್ಣ ರಕ್ಷಣೆಯಲ್ಲ, ಬೇರೆ ದಾರಿಯಿಲ್ಲದಾಗಿನ ಕೊನೆಯ ಉಪಾಯ. ಮೋಡ ಕಂಡಾಗಲೇ ಕುರಿಗಳನ್ನು ಊರಿನತ್ತ ತಿರುಗಿಸುವುದೇ ನಿಜವಾದ ಉಪಾಯ.

ಸಿಡಿಲು ಬಂದಾಗ ಅರ್ಜುನನ ನಾಮಗಳನ್ನು ಹೇಳುವ ರೂಢಿ ಹಳ್ಳಿಗಳಲ್ಲಿದೆ. ಅದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಹೇಳಿಕೊಳ್ಳಲಿ, ಆದರೆ ಮರದ ಕೆಳಗೆ ನಿಂತು ಹೇಳದಿರಲಿ. ಮನೆಯೊಳಗಿದ್ದಾಗ ಪ್ಲಗ್ಗುಗಳನ್ನು ಗಾಳಿಗೆ ಮೊದಲೇ ಕೀಳಬೇಕು. ಗುಡುಗು ನಡೆದಿರುವಾಗ ಮೋಟರಿನ ಸ್ವಿಚ್ಚು ಮುಟ್ಟುವುದು, ಚಾರ್ಜಿಗೆ ಹಾಕಿದ ಮೊಬೈಲಿನಲ್ಲಿ ಮಾತಾಡುವುದು, ನಲ್ಲಿಯ ಕೆಳಗೆ ಸ್ನಾನ ಮಾಡುವುದು ಬೇಡ. ಚಾರ್ಜಿಗೆ ಹಾಕದ ಮೊಬೈಲು ಸಿಡಿಲನ್ನು ಸೆಳೆಯುವುದಿಲ್ಲ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿಯುವುದಿಲ್ಲ. ಅವರನ್ನು ಮುಟ್ಟಲು ಹೆದರಬಾರದು. ಸುರಕ್ಷಿತ ಜಾಗಕ್ಕೆ ತಂದು, ಉಸಿರಾಟ ನೋಡಬೇಕು. ಉಸಿರಿಲ್ಲದಿದ್ದರೆ ಒಬ್ಬರು 108ಕ್ಕೆ ಇಲ್ಲವೇ 112ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಬಲ್ಲವರಿದ್ದರೆ ಪ್ರತಿ 30 ಒತ್ತುಗಳಿಗೆ ಎರಡು ಸಲ ಬಾಯಿಯಿಂದ ಉಸಿರು ಕೊಡಬೇಕು. ಹಲವರು ಒಟ್ಟಿಗೆ ಬಿದ್ದಿದ್ದರೆ ನರಳುತ್ತಿರುವವರಿಗಿಂತ ಮೊದಲು ನಿಶ್ಚೇಷ್ಟಿತರಾದವರನ್ನು ನೋಡಬೇಕು. ಸಿಡಿಲಿನ ಏಟಿನಲ್ಲಿ ಹೃದಯ ಮತ್ತು ಉಸಿರು ನಿಂತವರೂ ತಕ್ಷಣದ ಉಪಚಾರದಿಂದ ಬದುಕುಳಿಯುವುದುಂಟು. ಸಗಣಿ ಮೆತ್ತುವುದು, ಮಣ್ಣಿನಲ್ಲಿ ಹೂಳುವುದು ಅಮೂಲ್ಯವಾದ ನಿಮಿಷಗಳನ್ನು ಕಳೆಯುತ್ತದೆ.

ಗಾಳಿ ನಿಂತ ಮೇಲೆ

ಹರಿದು ಬಿದ್ದ ತಂತಿ ಸತ್ತ ತಂತಿಯೆಂದು ಎಣಿಸಬಾರದು. ಒದ್ದೆ ನೆಲ, ತಂತಿಬೇಲಿ, ತಗಡು ಎಲ್ಲದರಲ್ಲಿಯೂ ವಿದ್ಯುತ್ ಹರಿಯುತ್ತಿರಬಹುದು. ಬೆಳಗಿನ ಜಾವ ಹೊಲಕ್ಕೆ ಹೋಗುವವರು ಟಾರ್ಚಿನೊಡನೆ ಹೋಗಬೇಕು. ತಂತಿ ಕಂಡರೆ ದೂರ ನಿಂತು, ಮಕ್ಕಳನ್ನು ದನಗಳನ್ನು ತಡೆದು, 1912ಕ್ಕೆ ತಿಳಿಸಬೇಕು. ಯಾರಿಗಾದರೂ ಏಟು ತಗುಲಿದ್ದರೆ ವಿದ್ಯುತ್ ನಿಲ್ಲಿಸುವವರೆಗೆ ಅವರನ್ನು ಮುಟ್ಟಬಾರದು. ಸಿಡಿಲಿಗೂ ತಂತಿಗೂ ಇರುವ ಈ ವ್ಯತ್ಯಾಸವನ್ನು ಮರೆಯಬಾರದು.

ಬಿಲಗಳಿಗೆ ನೀರು ನುಗ್ಗಿ ಹಾವುಗಳು ಮನೆ, ಕೊಟ್ಟಿಗೆ, ಬಿದ್ದ ತಗಡುಗಳ ಅಡಿ ಸೇರುತ್ತವೆ. ತಗಡು ಕಲ್ಲುಗಳನ್ನು ಕೈ ತೂರಿಸಿ ಎತ್ತದೆ ಕೋಲಿನಿಂದ ಸರಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಯಿಸದೆ, ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ತಗಡು, ಮೊಳೆ ತಾಗಿದ ಗಾಯವನ್ನು ಸಾಬೂನು ನೀರಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಕಣ್ಣಿಗೆ ಧೂಳು ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು.

ನೀರಿನ ಪೈಪು ಒಡೆದು ಚರಂಡಿಯ ನೀರು ಬೆರೆಯುವ ಸಂಭವವಿರುವುದರಿಂದ ನೀರನ್ನು ಚೆನ್ನಾಗಿ ಕುದಿ ಬರಿಸಿ ಕುಡಿಯಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಕೊಳವೆಬಾವಿಯ ನೀರು ಆ ಕೆಲ ದಿನಗಳ ಅನಿವಾರ್ಯಕ್ಕೆ ಮಾತ್ರ. ವಾಂತಿಭೇದಿ ಕಂಡರೆ ಓಆರ್‌ಎಸ್ ಕೊಡಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಟೈರು, ತೆಂಗಿನ ಚಿಪ್ಪು, ಒಡೆದ ಬಕೀಟುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಡೆಂಗಿ ಸೊಳ್ಳೆ ಬೆಳೆಯದು.

ಮನೆ, ಬೆಳೆ, ಜಾನುವಾರು ಹಾನಿಯಾಗಿದ್ದರೆ ತೆರವು ಮಾಡುವ ಮುನ್ನ ಛಾಯಾಚಿತ್ರ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ಕೂಡಲೇ ತಿಳಿಸಬೇಕು. ಸತ್ತ ಕುರಿ–ದನಗಳನ್ನು ಪಶುವೈದ್ಯರು ಪರೀಕ್ಷಿಸುವ ಮೊದಲು ಹೂಳಿದರೆ ಪರಿಹಾರಕ್ಕೆ ಆಧಾರವೇ ಇರುವುದಿಲ್ಲ. ಜಿಲ್ಲೆಯ ವಿಪತ್ತು ಸಹಾಯವಾಣಿ 1077.

ನೆರೆಮನೆಯ ಹೊಣೆ

ಇಷ್ಟೆಲ್ಲ ಸಿದ್ಧತೆಯನ್ನು ಮಾಡಿಕೊಳ್ಳಲಾಗದ ಮನೆಗಳೂ ನಮ್ಮ ಓಣಿಯಲ್ಲಿವೆ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ, ಹಳೆಯ ಮಾಳಿಗೆಯ ಕೆಳಗೆ ಒಬ್ಬರೇ ಉಳಿದ ಅಜ್ಜಿ. ಹಾಸಿಗೆ ಬಿಟ್ಟೇಳಲಾರದ ರೋಗಿ. ಕಿವಿ ಕೇಳದ ಮುದುಕ. ಕಿತ್ತಳೆ ಎಚ್ಚರಿಕೆ ಬಂದಾಗ ಅವರನ್ನು ಯಾರ ಮನೆಗೆ ಕರೆತರಬೇಕು, ಯಾರು ಕರೆತರಬೇಕು ಎಂಬುದನ್ನು ಓಣಿಯವರು ಇಂದೇ ಕೂಡಿ ಮಾತಾಡಿಕೊಳ್ಳಬೇಕು. ಮಳೆ ಬಂದ ಮೇಲೆ ಮಾತಾಡಲು ಸಮಯವಿರುವುದಿಲ್ಲ. ಗಾಳಿ ನಿಂತ ಮರುದಿನ ಅವರ ಬಾಗಿಲಿಗೆ ಹೋದಾಗ, ಪೆಟ್ಟಾಯಿತೇ ಎಂದು ಕೇಳುವುದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಬೇಕು: ಇಂದಿನ ಮಾತ್ರೆ ತೆಗೆದುಕೊಂಡಿರೇ? ನಮಗೆ ಪರಿಚಯವಿದ್ದ ಆ ಹಿರಿಯರನ್ನು ಆ ಮೂರು ದಿನಗಳಲ್ಲಿ ನೋಡಿಬಂದವರು ಹಲವರು. ಈ ಮಾತನ್ನು ಕೇಳಿದವರು ಒಬ್ಬರೂ ಇರಲಿಲ್ಲ. ನಾವೂ ಕೇಳಿರಲಿಲ್ಲ.

ಅನ್ನ ನೀಡುವುದು ದಾಸೋಹ. ಗಾಳಿಯ ರಾತ್ರಿ ಗಟ್ಟಿ ಸೂರಿನ ಕೆಳಗೆ ನೆರೆಯವರಿಗೆ ಜಾಗ ನೀಡುವುದೂ ದಾಸೋಹವೇ. ಬರುವ ಅಶ್ವಿನಿ ಮಳೆಗೆ ಮೊದಲೇ ಪ್ರತಿ ಮನೆಯಲ್ಲಿ ಮೂರು ಕ್ಯಾನು ನೀರು, ಒಂದು ಔಷಧದ ಡಬ್ಬಿ, ಬಿಗಿಯಾದ ಬೋಲ್ಟುಗಳು, ನೆರೆಮನೆಯ ಹಿರಿಯರ ನೆನಪು ಇರಲಿ. ಮಳೆ ಬರಲಿ, ನೆಲ ತಣಿಯಲಿ, ಎಲ್ಲರೂ ಕ್ಷೇಮದಿಂದಿರಲಿ.